ನಿದ್ದೆ ಮಾಡಿದ ನಾಲ್ಕು ಭಾನುವಾರಗಳು

ಆ ವರ್ಷ ನಾನು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿದ್ದ ಅಕ್ಕನ ಮನೆಗೆ ನಾಲ್ಕು ಬಾರಿ ಹೋದೆ. ನಾಲ್ಕು ಬಾರಿಯೂ ಹೋಗಿ ನಿದ್ದೆ ಮಾಡಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯಲಿರುವುದೆಲ್ಲ ಈ ಎರಡು ವಾಕ್ಯಗಳ ವಿವರಣೆಯಷ್ಟೇ.

ಎಪ್ಪತ್ತರ ದಶಕದ ಆರಂಭವದು. ತಿರುವನಂತಪುರದ ಆಸ್ಪತ್ರೆಯೊಂದರಲ್ಲಿ ನಾನು ಜನರಲ್ ಮೆಡಿಸಿನ್ ವಿಭಾಗದ ರೆಸಿಡೆಂಟ್ ಆಗಿದ್ದೆ. ಸ್ನಾತಕೋತ್ತರ ಪದವಿಯ ಕೊನೆಯ ವರ್ಷ. ಏಪ್ರಿಲ್ ತಿಂಗಳಲ್ಲಿ ಪರೀಕ್ಷೆ. ನಮ್ಮ ಕುಟುಂಬದಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಅಪ್ಪ ಕಾಸರಗೋಡಿನ ಕಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಭಟ್ಟಿಯ ಕೆಲಸ ಮಾಡಿದವರು. ಅಮ್ಮ ನನ್ನ ಹೈಸ್ಕೂಲಿನ ದಿನಗಳಲ್ಲಿಯೇ ತೀರಿಕೊಂಡಿದ್ದರು. ಕೆಲಸ ಬಿಟ್ಟ ಮೇಲೆ ಅಪ್ಪ ಅಕ್ಕನ ಮನೆಯಲ್ಲಿದ್ದರು. ಭಾವ ಬಂದರಿನ ಕಚೇರಿಯಲ್ಲಿ ಗುಮಾಸ್ತರು. ದೋಣಿಯ ಜೆಟ್ಟಿಯಿಂದ ಐದು ನಿಮಿಷದ ನಡಿಗೆಯಲ್ಲಿ ಅವರ ಕ್ವಾರ್ಟರ್ಸ್ ಇತ್ತು.

ನಮ್ಮ ಯೂನಿಟ್ಟಿನಲ್ಲಿ ಕೊನೆಯ ವರ್ಷದ ರೆಸಿಡೆಂಟರು ಇಬ್ಬರೇ: ನಾನು ಮತ್ತು ಆಲುವದಿಂದ ಬಂದಿದ್ದ ನನ್ನ ಗೆಳೆಯ. ಆರು ದಿನಗಳಿಗೊಮ್ಮೆ ಹೊಸ ರೋಗಿಗಳೆಲ್ಲ ನಮ್ಮ ಯೂನಿಟ್ಟಿಗೇ ಬರುವ ಅಡ್ಮಿಷನ್ ದಿನ. ಆ ದಿನ ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಮರುದಿನ ನಮ್ಮ ಮುಖ್ಯಸ್ಥರಾದ ಚೀಫ್ ಅವರ ರೌಂಡ್ಸ್ ಮುಗಿಯುವವರೆಗೆ ಕುಳಿತುಕೊಳ್ಳಲು ಆಗುತ್ತಿರಲಿಲ್ಲ. ಪ್ರತಿ ರೋಗಿಯ ಚರಿತ್ರೆಯನ್ನು ನಾವೇ ಬರೆಯಬೇಕು. ವಾರ್ಡಿನ ಪಕ್ಕದ ಕೋಣೆಯಲ್ಲಿ ಸ್ಪಿರಿಟ್ ದೀಪದ ಮೇಲೆ ಮೂತ್ರವನ್ನು ಕಾಯಿಸಿ ಸಕ್ಕರೆ ಪರೀಕ್ಷಿಸಬೇಕು, ಕಫವನ್ನು ಗಾಜಿನ ಮೇಲೆ ಹಚ್ಚಿ ಬಣ್ಣ ಕೊಟ್ಟು ಕ್ಷಯದ ಕ್ರಿಮಿಗಳನ್ನು ಹುಡುಕಬೇಕು, ಕುದಿಸಿದ ಸಿರಿಂಜುಗಳನ್ನು ಎಣಿಸಿ ತೆಗೆದುಕೊಳ್ಳಬೇಕು. ಅಡ್ಮಿಷನ್ ದಿನ ಗುರುವಾರ ಬಂದರೆ ಮಾತ್ರ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಇಬ್ಬರಲ್ಲಿ ಒಬ್ಬನಿಗೆ ಬಿಡುವು ಸಿಗುತ್ತಿತ್ತು. ಇಬ್ಬರ ಮನೆಯೂ ಒಂದೇ ರೈಲು ದಾರಿಯಲ್ಲಿತ್ತು, ಆದರೆ ಒಬ್ಬನು ಮನೆಗೆ ಹೋದನೆಂದರೆ ಇನ್ನೊಬ್ಬನು ಮನೆಗೆ ಹೋಗಲಿಲ್ಲವೆಂದೇ ಅರ್ಥ.

ಹೊರಡುವವನು ತನ್ನ ರೋಗಿಗಳ ವಿವರವನ್ನು ಒಂದೊಂದು ಮಂಚದ ಲೆಕ್ಕದಲ್ಲಿ ಬರೆದು ಒಪ್ಪಿಸಬೇಕೆಂಬುದು ಚೀಫ್ ಅವರ ನಿಯಮ. ಗೆಳೆಯನ ಬರಹ ಅರ್ಧ ಹಾಳೆ. ನನ್ನದು ನಾಲ್ಕು ಪುಟ.

"ಎಡೋ ಕಾಸರಗೋಡೇ, ಇದೇನು ವಾರ್ಡ್ ಒಪ್ಪಿಸುವ ಕಾಗದವೋ, ಸಾಯುವ ಮುಂಚೆ ಬರೆದ ಉಯಿಲೋ?" ಎಂದು ಅವನು ಕೇಳುತ್ತಿದ್ದ. ಅವನು ನನ್ನನ್ನು ಎಂದೂ ಹೆಸರು ಹಿಡಿದು ಕರೆದವನಲ್ಲ. "ಒಂಬತ್ತನೆಯ ಮಂಚದ ಅಮ್ಮಚ್ಚಿಗೆ ಮಲಬದ್ಧತೆ ಅಂತ ಎರಡು ಕಡೆ ಬರೆದಿದ್ದೀಯ. ಒಂದು ಕಡೆ ಬರೆದರೆ ಆಕೆಗೆ ಗುಣವಾಗುವುದಿಲ್ಲವೇ?"

ನಾನು ನಗುತ್ತಿದ್ದೆ, ಆದರೆ ಮುಂದಿನ ಬಾರಿಯೂ ನಾಲ್ಕು ಪುಟವನ್ನೇ ಬರೆಯುತ್ತಿದ್ದೆ. ತಪ್ಪು ಹಿಡಿಯಲು ಯಾರಿಗೂ ಅವಕಾಶ ಸಿಗಬಾರದೆಂಬ ಭಯ ನನ್ನ ಜೊತೆಯೇ ಬೆಳೆದು ಬಂದದ್ದು. ರೌಂಡ್ಸಿನಲ್ಲಿ ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಬೆಳಿಗ್ಗೆ ಸ್ನಾನದ ಮನೆಯಲ್ಲಿ ಎರಡು ಸಲ ಹೇಳಿಕೊಳ್ಳುತ್ತಿದ್ದೆ. ಮೂರು ವರ್ಷಗಳಲ್ಲಿ ಒಂದು ದಿನವೂ ರಜೆ ಕೇಳಿರಲಿಲ್ಲ. ಅದನ್ನು ಅರ್ಹತೆಯೆಂದು ಭಾವಿಸಿದ್ದೆ.

ಮೊದಲ ಭಾನುವಾರ ಜೂನ್ ತಿಂಗಳಿನದು. ಶನಿವಾರದ ಗಾಡಿ ಬೆಳಗಿನ ಹೊತ್ತಿಗೆ ಎರ್ನಾಕುಳಂ ಮುಟ್ಟಿತು. ಸ್ಟೇಷನ್ನಿನಿಂದ ಜೆಟ್ಟಿಗೆ ನಡೆದು, ಮೊದಲ ದೋಣಿ ಹಿಡಿದು, ಏಳು ಗಂಟೆಗೆ ಅಕ್ಕನ ಮನೆಯ ಬಾಗಿಲಲ್ಲಿದ್ದೆ. ಅಪ್ಪ ಬಾಗಿಲು ತೆರೆದರು. ನನ್ನ ಚೀಲ ತೆಗೆದುಕೊಂಡು, "ಎಂತ ಮಾರಾಯ, ಕಣ್ಣು ಇಷ್ಟು ಒಳಗೆ ಹೋಗಿದೆ? ಮೊದಲು ತಿಂದು ಮಲಗು. ಮಾತಾಡ್ಲಿಕ್ಕೆ ಹೊತ್ತುಂಟು" ಎಂದರು. ಅಕ್ಕ ಮಾಡಿದ ನೀರು ದೋಸೆ ತಿಂದು ಒಳಕೋಣೆಯಲ್ಲಿ ಮಲಗಿದವನು ಎದ್ದಾಗ ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆಯುತ್ತಿತ್ತು. ಊಟದ ಬಟ್ಟಲು ಮುಚ್ಚಿಟ್ಟಿತ್ತು. ಅಕ್ಕನ ಆರು ವರ್ಷದ ಮಗಳನ್ನು ಪಕ್ಕದ ಮನೆಗೆ ಆಡಲು ಕಳುಹಿಸಿದ್ದರು. ಅಪ್ಪ ಆಗಷ್ಟೇ ಹೊರಗಿನಿಂದ ಬಂದು ಕಾಲು ತೊಳೆಯುತ್ತಿದ್ದರು.

"ಎಬ್ಬಿಸಬಾರದಿತ್ತಾ?" ಎಂದು ಕೇಳಿದೆ.

"ಎಬ್ಬಿಸ್ಲಿಕ್ಕೆ ನಿನಗೇನು ಶಾಲೆ ಉಂಟಾ?" ಎಂದರು ಅಪ್ಪ. ಅವರ ಬಾಯಿಂದ ಲವಂಗದ ವಾಸನೆ ಬಂತು. ಮುಪ್ಪಿನಲ್ಲಿ ಊಟದ ನಂತರ ಏನಾದರೊಂದು ಅಭ್ಯಾಸ ಹತ್ತುತ್ತದೆ ಎಂದುಕೊಂಡೆ. ಒಂದು ಗಂಟೆ ಕುಳಿತು ಚಹಾ ಕುಡಿದು, ಅಪ್ಪನ ಜೊತೆ ಜೆಟ್ಟಿಗೆ ನಡೆದು, ಸಂಜೆಯ ಗಾಡಿಗೆ ಹೊರಟೆ. ಸೋಮವಾರ ಎಂಟಕ್ಕೆ ಐದು ನಿಮಿಷ ಇರುವಾಗ ಇಸ್ತ್ರಿ ಮಾಡಿದ ಕೋಟು ಧರಿಸಿ ವಾರ್ಡಿನಲ್ಲಿದ್ದೆ. ಎಲ್ಲವನ್ನೂ ಸರಿದೂಗಿಸಿಕೊಂಡು ಹೋಗುತ್ತಿದ್ದೇನೆಂಬ ಸಮಾಧಾನ ಆ ಬೆಳಿಗ್ಗೆ ನನಗಿತ್ತು.

ಜುಲೈಯಲ್ಲಿ ಅಕ್ಕನ ಇನ್‌ಲ್ಯಾಂಡ್ ಪತ್ರ ಬಂತು. ಊರಿನ ಸುದ್ದಿ, ಮಗಳ ಶಾಲೆಯ ಸುದ್ದಿ, ಕೊನೆಯಲ್ಲಿ ಒಂದು ಸಾಲು: ಅಪ್ಪನಿಗೆ ಸ್ವಲ್ಪ ಕೆಮ್ಮು ಉಂಟು, ನೀನು ಗಡಿಬಿಡಿ ಮಾಡಬೇಡ.

ನಾನು ಉತ್ತರ ಬರೆದೆ. ಕರಡು ಮಾಡಿ, ತಿದ್ದಿ, ಚೊಕ್ಕವಾಗಿ ಪ್ರತಿ ಮಾಡಿದೆ. ಮನೆಯಲ್ಲಿ ವೈದ್ಯನೊಬ್ಬನಿದ್ದಾನೆ ಎಂಬುದಕ್ಕೆ ತಕ್ಕ ಪತ್ರವಾಗಿರಬೇಕೆಂಬ ಆಸೆ ನನಗಿತ್ತು. ಬಿಸಿನೀರಿನ ಹಬೆ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಒಂದು ಕೆಮ್ಮಿನ ಔಷಧದ ಹೆಸರು, ಬೀಡಿಯನ್ನು ಪೂರ್ತಿ ಬಿಡಬೇಕೆಂಬ ಸೂಚನೆ. ಆಮೇಲೆ ಹೀಗೆ ಬರೆದೆ: ಸಂಜೆ ಜ್ವರ, ಕಫದಲ್ಲಿ ರಕ್ತ, ತೂಕ ಇಳಿಯುವುದು, ಈ ಮೂರರಲ್ಲಿ ಯಾವುದಾದರೂ ಇದ್ದರೆ ಕೂಡಲೇ ತಿಳಿಸಿ, ನಾನು ಓದು ಬಿಟ್ಟು ರಜೆ ಹಾಕಿ ಬರುತ್ತೇನೆ, ಇವು ಇಲ್ಲದಿದ್ದರೆ ಚಿಂತೆಗೆ ಕಾರಣವಿಲ್ಲ.

ಹತ್ತು ದಿನಕ್ಕೆ ಉತ್ತರ ಬಂತು. ಮೂರೂ ಇಲ್ಲ ಎಂದು ಅಪ್ಪ ಹೇಳಿ ಬರೆಯಿಸಿದ್ದರು. ನನ್ನ ಪತ್ರವನ್ನು ಅಕ್ಕ ಪಕ್ಕದ ಮನೆಯವರಿಗೂ ಓದಿ ಹೇಳಿದಳಂತೆ.

ರೋಗಿಯ ಬಾಯಿಗೆ ಉತ್ತರ ಇಡಬೇಡಿ ಎಂಬುದು ಚೀಫ್ ನಮಗೆ ಕಲಿಸಿದ ಮೊದಲ ಪಾಠ. ಕೆಳಗಿನ ತರಗತಿಯ ವಿದ್ಯಾರ್ಥಿಗಳು ಹಾಗೆ ಕೇಳಿದರೆ ನಾನೇ ಅವರ ಕೇಸ್ ಶೀಟನ್ನು ಹಿಂದಿರುಗಿಸುತ್ತಿದ್ದೆ. ಏನು ಹೇಳಿದರೆ ಮಗನ ಓದು ನಿಲ್ಲುತ್ತದೆ, ಏನು ಹೇಳಿದರೆ ನಿಲ್ಲುವುದಿಲ್ಲ ಎಂಬುದನ್ನು ನಾನೇ ಅಪ್ಪನಿಗೆ ಸ್ಪಷ್ಟವಾದ ಕೈಬರಹದಲ್ಲಿ ಬರೆದು ಕಳುಹಿಸಿದ್ದೆ.

ಓಣಂ ಕಳೆದ ವಾರ ಎರಡನೆಯ ಭಾನುವಾರ. ಅದೇ ದೋಣಿ, ಅದೇ ಕೋಣೆ, ಅದೇ ನಿದ್ದೆ. ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. "ಗಾಳಿಗೆ ಹೋಗಿದ್ದಾರೆ" ಎಂದಳು ಅಕ್ಕ. ಬಂದಾಗ ಶರಟಿನ ತೋಳುಗಳು ಅಗಲವಾಗಿ ಕಂಡವು. "ಸಪೂರ ಆಗಿದ್ದೀರಲ್ಲ?" ಎಂದೆ. "ಬೀಡಿ ಬಿಟ್ಟೆನಲ್ಲ, ನೀನು ಹೇಳಿದ ಹಾಗೆ" ಎಂದರು. ಬೀಡಿ ಬಿಟ್ಟವರು ಸಾಮಾನ್ಯವಾಗಿ ದಪ್ಪವಾಗುತ್ತಾರೆ. ಅದು ನನಗೆ ಗೊತ್ತಿತ್ತು. ಆದರೆ ಐದೂವರೆಯ ದೋಣಿಯೂ ನನ್ನ ತಲೆಯಲ್ಲಿತ್ತು.

ಅಕ್ಟೋಬರ್‌ನಲ್ಲಿ ಮತ್ತೊಂದು ಭಾನುವಾರ ಬಿಡುವಿತ್ತು. ಅದರ ವಿಷಯವನ್ನೂ ಬರೆಯಬೇಕು. ನಮ್ಮ ಹಾಸ್ಟೆಲಿನ ಏಳೆಂಟು ಮಂದಿ ಹತ್ತಿರದ ಕಡಲತೀರವಾದ ವಿಳಿಂಜಂಗೆ ಹೊರಟಿದ್ದರು. ಮೂರು ವರ್ಷಗಳಲ್ಲಿ ನಾನು ಅವರೊಡನೆ ಒಮ್ಮೆಯೂ ಹೋಗಿರಲಿಲ್ಲ. ಆ ಬಾರಿ ವಾರ್ಡನ್ನು ನೋಡಿಕೊಳ್ಳುವ ಸರದಿ ಆಲುವದ ಗೆಳೆಯನದು. "ಹೋಗೋ. ಪ್ರತಿ ಸಲ ಮನೆ ಮನೆ ಅಂತ ಓಡಿದರೆ ಇವರೆಲ್ಲ ನಿನ್ನ ಮುಖ ಮರೆತುಬಿಡುತ್ತಾರೆ" ಎಂದು ಅವನೇ ಹೇಳಿದ. ಹೋದೆ. ಮೀನುಗಾರರ ಗುಡಿಸಲುಗಳ ಪಕ್ಕದಲ್ಲಿ ಬಂಡೆಗಳ ನಡುವೆ ಈಜಿದೆವು. ಆಗ ತಾನೇ ದಡಕ್ಕೆ ಬಂದ ಮೀನನ್ನು ಒಂದು ಚಹಾ ಅಂಗಡಿಯಲ್ಲಿ ಹುರಿಯಿಸಿಕೊಂಡು ಬಾಳೆಎಲೆಯ ಮೇಲೆ ತಿಂದೆವು. ಅಷ್ಟು ನಕ್ಕ ದಿನ ಆ ವರ್ಷದಲ್ಲಿ ಬೇರೆ ಇಲ್ಲ. ಅಕ್ಕನಿಗೆ ಮಾತ್ರ ಡ್ಯೂಟಿ ಇದೆಯೆಂದು ಕಾರ್ಡು ಬರೆದಿದ್ದೆ. ಡ್ಯೂಟಿಯೇ ಮುಖ್ಯ, ಇಲ್ಲಿ ಎಲ್ಲರೂ ಸೌಖ್ಯ ಎಂದು ಉತ್ತರ ಬಂತು.

ಡಿಸೆಂಬರಿನಲ್ಲಿ ಮೂರನೆಯ ಭಾನುವಾರ. ನಿದ್ದೆಯ ನಡುವೆ ಒಮ್ಮೆ ಎಚ್ಚರವಾದ ನೆನಪಿದೆ. ಬಾಗಿಲ ಹೊರಗೆ ಅಪ್ಪ ಮೆಲ್ಲನೆ, "ಪುಟ್ಟಾ, ಶಬ್ದ ಮಾಡ್ಬೇಡ, ಮಾಮ ಮಲಗಿದ್ದಾನೆ" ಎನ್ನುತ್ತಿದ್ದರು. ಮಗು ಮಲಯಾಳದಲ್ಲಿ, "ಮಾಮನ್ ಎಪ್ಪೋಳುಂ ಉರಕ್ಕಂ" ಎಂದಿತು. ಮಾಮನಿಗೆ ಯಾವಾಗಲೂ ನಿದ್ದೆಯೇ, ಎಂದು. ಆಮೇಲೆ ಹೊರಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ನಾನು ಮಗ್ಗುಲು ಬದಲಿಸಿದೆ.

ನಾಲ್ಕನೆಯದು ಜನವರಿಯ ಕೊನೆಯ ಭಾನುವಾರ. ಆ ಸಂಜೆ ಅಪ್ಪ ಜೆಟ್ಟಿಯವರೆಗೆ ಬರಲಿಲ್ಲ. "ಕಾಲು ಸ್ವಲ್ಪ ನೋವುಂಟು, ನೀನು ಹೋಗು. ಪರೀಕ್ಷೆ ಮುಗಿಸಿಯೇ ಬಾ ಇನ್ನು" ಎಂದರು. ನಾನು ಜೆಟ್ಟಿ ಮುಟ್ಟುವಾಗ ದೋಣಿ ಆಗಷ್ಟೇ ಬಿಟ್ಟಿತ್ತು. ಮುಂದಿನದಕ್ಕೆ ಕಾಯುತ್ತ ಜೆಟ್ಟಿಯ ಪಕ್ಕದ ಚಹಾ ಅಂಗಡಿಯ ಬೆಂಚಿನಲ್ಲಿ ಕುಳಿತೆ. ಚೀಲದಿಂದ ಸ್ಟೆತಸ್ಕೋಪಿನ ತುದಿ ಹೊರಗೆ ಇಣುಕುತ್ತಿತ್ತು. ಅದನ್ನು ಪ್ರತಿ ಬಾರಿಯೂ ಒಯ್ಯುತ್ತಿದ್ದೆ. ಯಾಕೆಂದು ಈಗ ನನಗೆ ತಿಳಿಯದು.

ಅಂಗಡಿ ನಡೆಸುವ ಚೇಟ್ಟನ್ ಚಹಾವನ್ನು ಎತ್ತರದಿಂದ ಹೊಯ್ಯುತ್ತ ನನ್ನನ್ನೂ ಚೀಲವನ್ನೂ ನೋಡಿದರು.

"ಮೈಸೂರಿನವರ ಕ್ವಾರ್ಟರ್ಸಿನ ಡಾಕ್ಟರ್ ನೀವೇ ಅಲ್ಲವೇ? ನೀವು ಬಂದ ದಿನ ನಮಗೆ ಇಲ್ಲೇ ಗೊತ್ತಾಗುತ್ತದೆ, ಸಾರೇ."

ನಾವು ಮೈಸೂರಿನವರಲ್ಲ, ಕಾಸರಗೋಡಿನವರು ಎಂದು ಮೊದಲು ತಿದ್ದಿದೆ. ಆಮೇಲೆ, ಹೇಗೆ ಗೊತ್ತಾಗುತ್ತದೆಂದು ಕೇಳಿದೆ.

"ನಿಮ್ಮ ಅಚ್ಛನ್ ಬೆಳಿಗ್ಗೆಯಿಂದ ಸಂಜೆಯವರೆಗೆ ಈ ಬೆಂಚಿನಲ್ಲೇ ಇರುತ್ತಾರಲ್ಲ. ಬೇರೆ ದಿನ ಮನೆಯಲ್ಲೇ ಕೆಮ್ಮುತ್ತಾರೆ. ಡಾಕ್ಟರ್ ಬಂದ ದಿನ ಇಲ್ಲಿ ಬಂದು ಕೆಮ್ಮುತ್ತಾರೆ." ಅವರು ನಕ್ಕರು. "ನಾನು ಅವರಿಗೆ ಹೇಳಿದೆ, ಅಮ್ಮಾವಾ, ಇದು ಜಗತ್ತಿನಲ್ಲಿ ಎಲ್ಲೂ ಇಲ್ಲದ ಪದ್ಧತಿ, ಡಾಕ್ಟರನ್ನು ಕಂಡರೆ ರೋಗಿ ಓಡಿಹೋಗುವುದು. ಅದಕ್ಕೆ ಅವರು, ಮಗ ಎರಡು ದಿನದಿಂದ ಕಣ್ಣು ಮುಚ್ಚಿಲ್ಲ, ಅವ ಮಲಗಲಿ ಅಂದರು. ಇವತ್ತು ಮಧ್ಯಾಹ್ನ ಆ ಕಂಬದ ಹತ್ತಿರ ಉಗುಳಿದ್ದು ಕೆಂಪಾಗಿತ್ತು. ನೀರು ಹಾಕಿದೆ. ನಿಮಗೆ ಗೊತ್ತಿರಬೇಕಲ್ಲ?"

ದೋಣಿ ಬಂತು. ಜನ ಇಳಿದರು, ಜನ ಹತ್ತಿದರು. ನಾನು ಚಹಾದ ಗ್ಲಾಸನ್ನು ಕೆಳಗಿಟ್ಟು ಕ್ವಾರ್ಟರ್ಸಿನ ಕಡೆಗೆ ನಡೆದೆ.

ಮನೆಯ ಹತ್ತಿರ ಬರುವಾಗ ಕೆಮ್ಮು ಕೇಳಿಸಿತು. ನಾನು ಹೊರಟು ಇಪ್ಪತ್ತು ನಿಮಿಷವಾಗಿತ್ತು. ಅಪ್ಪ ನಿಶ್ಚಿಂತೆಯಿಂದ ಕೆಮ್ಮುತ್ತಿದ್ದರು. ನನ್ನನ್ನು ಕಂಡು ಬಾಯಿಗೆ ಟವೆಲು ಒತ್ತಿಕೊಂಡರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳತೊಡಗಿದಳು. "ನಾನೆಂತ ಮಾಡಲಿ ತಮ್ಮಾ, ಪರೀಕ್ಷೆಯವರೆಗೆ ಹೇಳುವುದಿಲ್ಲ ಅಂತ ಆಣೆ ಹಾಕಿಸಿದ್ದಾರೆ" ಎಂದಳು.

"ಶರಟು ತೆಗೆಯಿರಿ ಅಪ್ಪ" ಎಂದೆ.

"ನಿನ್ನ ಗಾಡಿ?"

"ತೆಗೆಯಿರಿ."

ಮಂಚದ ಅಂಚಿನಲ್ಲಿ ಕೂರಿಸಿ ಪರೀಕ್ಷಿಸಿದೆ. ಮೊದಲು ಕೈಗಳು: ಬೆರಳ ತುದಿಗಳು ಡೋಲಿನ ಕೋಲಿನಂತೆ ಉಬ್ಬಿದ್ದವು. ಅದಕ್ಕೆ ತಿಂಗಳುಗಟ್ಟಲೆ ಸಮಯ ಬೇಕು. ನಾಲ್ಕು ಬಾರಿಯೂ ಆ ಕೈಗಳೇ ನನ್ನ ಚೀಲವನ್ನು ತೆಗೆದುಕೊಂಡಿದ್ದವು. ಎಡ ಕೊರಳೆಲುಬಿನ ಮೇಲೆ ಗಟ್ಟಿಯಾದ ಒಂದು ಗಂಟು. ಬೆನ್ನಿನ ಮೇಲೆ ಎಡಗೈಯ ಬೆರಳಿಟ್ಟು ಬಲಗೈಯ ಬೆರಳಿನಿಂದ ತಟ್ಟುತ್ತ ಇಳಿದೆ. ಎಡಭಾಗದ ಅರ್ಧದಿಂದ ಕೆಳಗೆ ಕಲ್ಲಿನ ಮೇಲೆ ತಟ್ಟಿದ ಹಾಗೆ ಸದ್ದು ಸತ್ತಿತ್ತು. ಸ್ಟೆತಸ್ಕೋಪಿನಲ್ಲಿ ಅಲ್ಲಿ ಉಸಿರು ಕೇಳಲಿಲ್ಲ. ಎಕ್ಸ್‌ರೇ ನೋಡದೆಯೇ ನನಗೆ ತಿಳಿಯಿತು. ಮತ್ತೊಮ್ಮೆ ತಟ್ಟಿದೆ, ತಪ್ಪಾಗಿರಲಿ ಎಂದು. ನನ್ನ ಕೆಲಸದಲ್ಲಿ ತಪ್ಪಾಗಲಿ ಎಂದು ಬಯಸಿದ್ದು ಅದೇ ಮೊದಲು.

ಭಾವ ದೋಣಿಯಲ್ಲಿ ಆಚೆಗೆ ಹೋಗಿ ಗೆಳೆಯನಿಗೆ ತಂತಿ ಕೊಟ್ಟು ಬಂದರು. ಮರುದಿನ ಬೆಳಗಿನ ಗಾಡಿಯಲ್ಲಿ ಅಪ್ಪನನ್ನು ಕರೆದುಕೊಂಡು ಹೊರಟೆ. ಕಿಟಕಿಯ ಬಳಿ ಕುಳಿತು ಅವರು ದಾರಿಯುದ್ದಕ್ಕೂ, "ಇವತ್ತು ಸೋಮವಾರ ಅಲ್ಲವಾ? ನಿನ್ನ ರೌಂಡ್ಸು?" ಎಂದು ಕೇಳುತ್ತಿದ್ದರು.

ತಿರುವನಂತಪುರದ ಪ್ಲಾಟ್‌ಫಾರ್ಮಿನಲ್ಲಿ ಗೆಳೆಯ ನಿಂತಿದ್ದ. ಅವನ ನಾಲಗೆಯಲ್ಲಿ ಅಂದು ತಮಾಷೆ ಇರಲಿಲ್ಲ. "ಹದಿನಾಲ್ಕನೆಯ ಮಂಚ ಖಾಲಿ ಇಟ್ಟಿದ್ದೇನೆ, ಕಿಟಕಿಯ ಪಕ್ಕ" ಎಂದಷ್ಟೇ ಹೇಳಿ ಅಪ್ಪನ ಗಂಟನ್ನು ಎತ್ತಿಕೊಂಡ.

ಮಂಗಳವಾರದ ರೌಂಡ್ಸಿನಲ್ಲಿ ಚೀಫ್ ಹದಿನಾಲ್ಕನೆಯ ಮಂಚದ ಬಳಿ ನಿಂತರು. ಕೇಸ್ ಶೀಟ್ ನನ್ನ ಕೈಯಲ್ಲಿತ್ತು. ಅವರು ಅದನ್ನು ತೆಗೆದು ಗೆಳೆಯನಿಗೆ ಕೊಟ್ಟರು. "ಈ ಮಂಚದ ಬಳಿ ನೀನು ಡಾಕ್ಟರ್ ಅಲ್ಲ, ಬೈಸ್ಟ್ಯಾಂಡರ್. ಇಲ್ಲಿಗೆ ಬರುವಾಗ ಕೋಟು ತೆಗೆದಿಟ್ಟು ಬಾ" ಎಂದರು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ನಿಲ್ಲುವ ಮನೆಯವರನ್ನು ಬೈಸ್ಟ್ಯಾಂಡರ್ ಎನ್ನುತ್ತಾರೆ. ಮೂರು ವರ್ಷ ನಾನು ಆ ಪದವನ್ನು ಜನರನ್ನು ಹೊರಗೆ ಕಳುಹಿಸಲು ಮಾತ್ರ ಬಳಸಿದ್ದೆ.

ಆ ದಿನ ಮಧ್ಯಾಹ್ನ ಗೆಳೆಯ ಚರಿತ್ರೆ ಬರೆದುಕೊಳ್ಳಲು ಕುಳಿತ. ಅಪ್ಪನಿಗೆ ಅಂಗಡಿ ಬೀದಿಯ ಮಲಯಾಳ ಬರುತ್ತಿತ್ತು, ಕಾಯಿಲೆಯ ಕಥೆಯನ್ನೆಲ್ಲ ಅದರಲ್ಲಿ ಹೇಳಲಾಗುತ್ತಿರಲಿಲ್ಲ. ಹೀಗಾಗಿ ನಾನು ದುಭಾಷಿಯಾದೆ. ಗೆಳೆಯ ಚೀಫ್ ಕಲಿಸಿದಂತೆಯೇ ಕೇಳಿದ. ಯಾವ ಉತ್ತರವನ್ನೂ ಮುಂದಿಡಲಿಲ್ಲ.

"ಏನು ತೊಂದರೆ ಎಂದು ಅವರೇ ಹೇಳಲಿ. ಮೊದಲಿನಿಂದ."

ಅಪ್ಪ ನನ್ನ ಕಡೆ ಕಣ್ಣು ತೋರಿಸಿ ಗೆಳೆಯನನ್ನು ಕೇಳಿದರು. "ಇವನ ಎದುರೇ ಹೇಳಬೇಕಾ?"

"ಹೇಳಿ ಅಪ್ಪ."

"ಹೋದ ಮೇ ತಿಂಗಳಲ್ಲಿ ಸುರು ಆದದ್ದು. ಇವ ಜೂನಿನಲ್ಲಿ ಬಂದಾಗ ಇತ್ತು. ಲವಂಗ ಹಾಕಿಕೊಂಡರೆ ಸ್ವಲ್ಪ ಹೊತ್ತು ತಡೆಯುತ್ತದೆ."

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಕೆಮ್ಮು, ಎಂಟು ತಿಂಗಳಿಂದ. ಗೆಳೆಯ ಬರೆದುಕೊಂಡ.

"ರಕ್ತ ಓಣಂ ಹೊತ್ತಿಗೆ. ಮೊದಲು ಒಂದು ಗೆರೆ, ಆಮೇಲೆ ಜಾಸ್ತಿ. ಸಂಜೆ ಮೈ ಬಿಸಿಯಾಗುವುದು ಮಳೆಗಾಲದಿಂದಲೇ ಉಂಟು. ಇವನ ಕಾಗದ ಬಂದಾಗ ಅದು ಇತ್ತು, ರಕ್ತ ಇರಲಿಲ್ಲ. ಎಲ್ಲ ಸುಳ್ಳಲ್ಲ."

ರಕ್ತ, ಐದು ತಿಂಗಳಿಂದ. ಜ್ವರ, ಏಳು ತಿಂಗಳಿಂದ. ನನ್ನ ದನಿ ರೌಂಡ್ಸಿನಲ್ಲಿ ಇರುವಂತೆಯೇ ಸರಿಯಾಗಿತ್ತು. ಗೆಳೆಯ ತಲೆಯೆತ್ತದೆ ಬರೆಯುತ್ತಿದ್ದ. "ಸಾಕು, ಉಳಿದದ್ದು ಆಮೇಲೆ" ಎಂದ. ಸಾಕಾಗಿರಲಿಲ್ಲ, ಉದ್ಯೋಗದ ಚರಿತ್ರೆ ಬಾಕಿ ಇತ್ತು. ನಾನೇ ಹೇಳಿ ಬರೆಯಿಸಿದೆ: ಹಂಚಿನ ಕಾರ್ಖಾನೆ, ಮೂವತ್ತು ವರ್ಷ, ಮಣ್ಣಿನ ಧೂಳು, ಹೊಗೆ, ಬೀಡಿ.

ಬೆನ್ನಿನಿಂದ ಸೂಜಿ ಹಾಕಿ ಎದೆಯಲ್ಲಿ ತುಂಬಿದ್ದ ನೀರು ತೆಗೆಯುವಾಗ ನಾನು ಪರದೆಯ ಹೊರಗಿದ್ದೆ. ವಾರ್ಡಿನ ಸಿಸ್ಟರ್, ನನ್ನೊಡನೆ ಮೂರು ವರ್ಷ ಕೆಲಸ ಮಾಡಿದವರು, ಅಭ್ಯಾಸಬಲದಿಂದ, "ಬೈಸ್ಟ್ಯಾಂಡರ್ ಸ್ವಲ್ಪ ಆಚೆ ನಿಲ್ಲಿ" ಎಂದವರು ನನ್ನ ಮುಖ ಕಂಡು ಮಾತು ನುಂಗಿಕೊಂಡರು. ಹೊರತಂದ ಬಾಟಲಿಯಲ್ಲಿ ನೀರು ಕೆಂಪಾಗಿತ್ತು. ನಾಲ್ಕನೆಯ ದಿನ ಪ್ರಯೋಗಾಲಯದ ವರದಿ ಬಂತು. ಕ್ಯಾನ್ಸರ್.

ಚೀಫ್ ತಮ್ಮ ಕೋಣೆಗೆ ಕರೆದು ಕೂರಿಸಿದರು. ಆ ಕುರ್ಚಿಯಲ್ಲಿ ನಾನು ಅದುವರೆಗೆ ಕುಳಿತಿರಲಿಲ್ಲ. ಎರಡು ತಿಂಗಳು, ಹೆಚ್ಚೆಂದರೆ ಮೂರು ಎಂದರು. ವಿಕಿರಣ ಚಿಕಿತ್ಸೆಯಿಂದ ಪ್ರಯೋಜನವಾಗುವ ಹಂತ ಕಳೆದಿದೆ, ನೀರು ತುಂಬಿದಾಗ ತೆಗೆಯುವುದು, ನೋವಿಗೆ ಔಷಧ, ಅಷ್ಟೇ. ನಾನು ಕೇಳಲಾರದ ಪ್ರಶ್ನೆಗೆ ಅವರೇ ಉತ್ತರಿಸಿದರು: "ಜೂನಿನಲ್ಲಿ ಗೊತ್ತಾಗಿದ್ದರೂ ಬಹುಶಃ ಇಷ್ಟೇ ಆಗುತ್ತಿತ್ತು." ಬಹುಶಃ ಎಂದರು. ಅವರು ಪದಗಳನ್ನು ತೂಗಿ ಬಳಸುವವರು.

ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ಬಿಟ್ಟರೆ ಮುಂದಿನದು ಅಕ್ಟೋಬರಿನಲ್ಲಿ. ಆ ಸಂಜೆ ನಾಲ್ಕರಿಂದ ಆರರ ಭೇಟಿಯ ವೇಳೆಯಲ್ಲಿ ಕೋಟು ತೆಗೆದಿಟ್ಟು ಅಪ್ಪನ ಮಂಚದ ಬಳಿ ಕುಳಿತು ಹೇಳಿದೆ, ರಜೆ ಹಾಕುತ್ತೇನೆ, ನಾವಿಬ್ಬರೂ ಅಕ್ಕನ ಮನೆಗೆ ಹೋಗೋಣ ಎಂದು.

"ಪರೀಕ್ಷೆ?"

"ಅಕ್ಟೋಬರಿನಲ್ಲಿ ಬರೆಯುತ್ತೇನೆ."

ಅಪ್ಪ ದಿಂಬಿನಿಂದ ಬೆನ್ನೆತ್ತಿ ಕುಳಿತರು. ಆಮೇಲೆ, ನನ್ನ ಜೀವನದಲ್ಲಿ ಒಂದೆರಡು ಸಲವಷ್ಟೇ ಕೇಳಿದ್ದ ಗಡಸು ದನಿಯಲ್ಲಿ, "ಹಾಗಾದರೆ ನಾನು ಎಂಟು ತಿಂಗಳು ಕೆಮ್ಮು ಹಿಡಿದದ್ದು ಎಂತಕ್ಕೆ?" ಎಂದರು.

ಪರೀಕ್ಷೆ ಬರೆದರೆ ಅವರು ಉಳಿದಷ್ಟು ದಿನ ನಾನು ಮತ್ತೆ ನಾಲ್ಕು ಪುಟಗಳ ಕಾಗದ ಬರೆಯುವವನಾಗುತ್ತೇನೆ. ಬರೆಯದಿದ್ದರೆ ಅವರು ಜೆಟ್ಟಿಯ ಬೆಂಚಿನಲ್ಲಿ ಕಳೆದ ನಾಲ್ಕು ಹಗಲುಗಳೂ ವ್ಯರ್ಥವಾಗುತ್ತವೆ. ಎರಡು ದಿನ ಅಪ್ಪ ನನ್ನೊಡನೆ ಮಾತು ಬಿಟ್ಟರು. ಗೆಳೆಯ ಗಂಜಿ ಕುಡಿಸಿದರೆ ಕುಡಿಯುತ್ತಿದ್ದರು, ನಾನು ಹೋದರೆ ಕಿಟಕಿಯ ಕಡೆ ತಿರುಗುತ್ತಿದ್ದರು.

ಮೂರನೆಯ ದಿನ ಅರ್ಜಿ ಬರೆದೆ. ಮೂರು ವರ್ಷಗಳಲ್ಲಿ ನನ್ನ ಮೊದಲ ರಜೆಯ ಅರ್ಜಿ. ಎರಡೇ ಸಾಲು, ಕರಡು ಮಾಡಲಿಲ್ಲ. ಚೀಫ್ ಓದಿ ಸಹಿ ಹಾಕಿದರು. ಅಪ್ಪನಿಗೆ ತೋರಿಸಿದಾಗ ಅವರು ಕಾಗದವನ್ನು ಮಡಚಿ ದಿಂಬಿನ ಕೆಳಗಿಟ್ಟು, "ಪುಸ್ತಕ ಎಲ್ಲ ತೆಗೆದುಕೊಂಡು ಬಾ ಹಾಗಾದರೆ. ಒಂದೂ ಬಿಡಬೇಡ" ಎಂದರು. ಅದು ಅವರ ಷರತ್ತು.

ಗೆಳೆಯನಿಗೆ ನನ್ನ ರೋಗಿಗಳನ್ನು ಒಪ್ಪಿಸುವ ಕಾಗದ ಆ ಬಾರಿ ಅರ್ಧ ಹಾಳೆಯಲ್ಲೇ ಮುಗಿಯಿತು. ಅವನು ಅದನ್ನು ತಿರುಗಿಸಿ ಹಿಂಬದಿ ನೋಡಿದ. "ಎಡೋ, ಒಂಬತ್ತನೆಯ ಮಂಚದ ಮಲಬದ್ಧತೆ ಎಲ್ಲಿ?" ಎಂದ. ಇಬ್ಬರಿಗೂ ನಗು ಬರಲಿಲ್ಲ.

ಐಲ್ಯಾಂಡಿನಲ್ಲಿ ಐದು ವಾರ ಇದ್ದೆವು. ಒಳಕೋಣೆಯ ಮಂಚ ಈಗ ಅಪ್ಪನದು, ಕೆಳಗೆ ಚಾಪೆ ನನ್ನದು. ಹಗಲು ನಾನು ಓದಬೇಕು, ಅವರು ನೋಡುತ್ತಿರಬೇಕು. ಮೊದಮೊದಲು ಕೆಮ್ಮು ಬಂದಾಗ ಅವರು ಬಾಗಿಲ ಕಡೆ ನೋಡುತ್ತಿದ್ದರು. ಎದ್ದು ಹೋಗುವ ಶಕ್ತಿ ಇರಲಿಲ್ಲ. "ಇಲ್ಲೇ ಕೆಮ್ಮಿ ಅಪ್ಪ" ಎನ್ನುತ್ತಿದ್ದೆ. ಕ್ರಮೇಣ ಅಭ್ಯಾಸವಾಯಿತು.

ಒಂದು ದಿನ ಕೇಳಿದರು, "ನನ್ನದು ಆ ಪುಸ್ತಕದಲ್ಲಿ ಉಂಟಾ?"

"ಉಂಟು."

"ಎಷ್ಟು ಪುಟ?"

"ಹನ್ನೊಂದು."

"ಅಷ್ಟೇಯಾ?" ಸ್ವಲ್ಪ ನಿರಾಶೆಯಾದಂತೆ ಕಂಡಿತು. "ಅದನ್ನು ಸರಿಯಾಗಿ ಓದು. ಪರೀಕ್ಷೆಯಲ್ಲಿ ಅದನ್ನೇ ಕೇಳಿದರೆ ತಡವರಿಸಬಾರದು."

ಆ ಹನ್ನೊಂದು ಪುಟಗಳನ್ನು ನಾನು ಅವರ ಎದುರು ತೆರೆದಿಟ್ಟುಕೊಂಡು ಕೂರುತ್ತಿದ್ದೆ. ಓದುತ್ತಿರಲಿಲ್ಲ. ಹಾಳೆ ಮಗುಚುವುದನ್ನು ಮರೆತರೆ ಅವರು, "ಅದೇ ಪುಟ ಎಷ್ಟು ಹೊತ್ತು?" ಎಂದು ಗದರಿಸುತ್ತಿದ್ದರು.

ಇನ್ನೊಂದು ದಿನ ನಾನೇ ಹೇಳಿದೆ. "ಅಕ್ಟೋಬರಿನಲ್ಲಿ ಡ್ಯೂಟಿ ಅಂತ ಬರೆದಿದ್ದೆನಲ್ಲ, ಅದು ಸುಳ್ಳು ಅಪ್ಪ. ಗೆಳೆಯರ ಜೊತೆ ವಿಳಿಂಜಂಗೆ ಹೋಗಿದ್ದೆ."

ಅಪ್ಪ ಯೋಚಿಸಿದರು. "ಮೀನು ತಿಂದೆಯಾ?"

"ತಿಂದೆ."

"ಎಂತ ಮೀನು?"

"ಅಂಜಲ್."

"ಅಂಜಲ್ ಆದರೆ ಹೋದದ್ದು ಸರಿಯೇ" ಎಂದು ಕಣ್ಣು ಮುಚ್ಚಿದರು. ನಕ್ಕದ್ದಕ್ಕೆ ಕೆಮ್ಮು ಬಂತು. ಅಂದು ಅದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮಾರ್ಚಿನ ಆರಂಭದಲ್ಲಿ ಉಸಿರಿನ ತೊಂದರೆ ಹೆಚ್ಚಿತು. ಎರ್ನಾಕುಳಂನ ಆಸ್ಪತ್ರೆಗೆ ದೋಣಿಯಲ್ಲಿ ಕರೆದೊಯ್ದು ಎರಡು ಬಾರಿ ನೀರು ತೆಗೆಯಿಸಿದೆವು. ಮೂರನೆಯ ಬಾರಿ ಅಪ್ಪ ಬೇಡವೆಂದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹೀಗಾಗಿ ಅವರನ್ನು ದಿಂಬುಗಳಿಗೆ ಒರಗಿಸಿ ಕೂರಿಸಿ, ನಾನೂ ಅಕ್ಕನೂ ಸರದಿಯಲ್ಲಿ ಎಚ್ಚರವಿದ್ದೆವು.

ಅದೊಂದು ಮಂಗಳವಾರದ ಮಧ್ಯಾಹ್ನ. ಅಕ್ಕ ಮಗಳನ್ನು ಶಾಲೆಯಿಂದ ಕರೆತರಲು ಹೋಗಿದ್ದಳು. ನನ್ನ ಸರದಿ. ಎರಡು ದಿನದ ನಿದ್ದೆ ಬಾಕಿ ಇತ್ತು. ಮಂಚದ ಕಾಲಿಗೆ ಒರಗಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಯಾವಾಗ ಕಣ್ಣು ಮುಚ್ಚಿದೆನೋ ತಿಳಿಯದು.

ತಲೆಯ ಮೇಲೆ ಕೈ ಬಿದ್ದ ಹಾಗಾಯಿತು. ಬೆರಳುಗಳು ಕೂದಲನ್ನು ಹಿಡಿದು ಮೆಲ್ಲನೆ ಅಲುಗಿಸುತ್ತಿದ್ದವು.

"ಏಳು ಮಗಾ" ಎಂದರು ಅಪ್ಪ. "ಒಮ್ಮೆ ಏಳು."

ಎದ್ದೆ. ನೀರು ಬೇಕೇ ಎಂದೆ, ಬೇಡವೆಂದರು. ನೋವೇ ಎಂದೆ, ಇಲ್ಲವೆಂದರು. ಬೆನ್ನಿನ ಹಿಂದೆ ಕುಳಿತು ಅವರನ್ನು ನನ್ನ ಎದೆಗೆ ಒರಗಿಸಿಕೊಂಡೆ. ಅವರ ಬೆನ್ನಿನ ಎಡಭಾಗ ನನ್ನ ಎದೆಗೆ ತಾಗಿತ್ತು. ಅಲ್ಲಿ ಏನೂ ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಜೆಟ್ಟಿಯಿಂದ ದೋಣಿ ಹೊರಡುವ ಗಂಟೆ ಕೇಳಿಸಿತು. ಅದು ಆಚೆ ಮುಟ್ಟುವಷ್ಟು ಹೊತ್ತಿನೊಳಗೆ ಅಪ್ಪ ಹೋದರು.

ಅಕ್ಟೋಬರಿನಲ್ಲಿ ಪರೀಕ್ಷೆ ಬರೆದೆ, ತೇರ್ಗಡೆಯಾದೆ. ಆ ಹನ್ನೊಂದು ಪುಟಗಳಿಂದ ಪರೀಕ್ಷಕರು ಏನನ್ನೂ ಕೇಳಲಿಲ್ಲ.

ನಲವತ್ತು ಗಂಟೆ ನಿದ್ದೆಗೆಟ್ಟು ಬಂದಾಗಲೂ, ಶಾಲೆಗೆ ಹೊತ್ತಾದಾಗಲೂ, ಗಾಡಿ ತಪ್ಪುವಂತಿದ್ದಾಗಲೂ ಅಪ್ಪ ನನ್ನನ್ನು ನಿದ್ದೆಯಿಂದ ಎಬ್ಬಿಸಿದವರಲ್ಲ. ಎಬ್ಬಿಸಿದ್ದು ಅದೊಂದೇ ಸಲ.